ಮೆತ್ತಗೂ ಇರಬೇಕು, ಕರೆಂಟೂ ಇಳಿಯಬೇಕು

ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯಿಂದ ಬಂದಿದ್ದ ಇಬ್ಬರಲ್ಲಿ ಮೊದಲು ಬಾಯಿ ತೆರೆದವರು ಅಲ್ಲಿನ ಲೈನ್ ಲೀಡರ್. ಗದಗದ ಕಡೆಯ ಹೆಂಗಸು. ಚೀಲದಿಂದ ಶೂ ಒಳಗಿಡುವ ಒಂದು ಜೊತೆ ಕಪ್ಪು ಇನ್‌ಸೋಲ್ ತೆಗೆದು ನನ್ನ ಮೇಜಿನ ಮೇಲೆ ಟಪ್ಪನೆ ಬಡಿದರು.

"ಸಪ್ಪಳ ಕೇಳಿದ್ರಿಲ್ರೀ ಮೇಡಂ? ಇದರ ಮ್ಯಾಲ ನಾವು ಇಡೀ ಪಾಳಿ ನಿಂದರ್ತೀವ್ರಿ."

ಹಲಗೆ ಬಿದ್ದ ಹಾಗೆ ಕೇಳಿಸಿತ್ತು. ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬೆರಳು ನೊಂದಿತೇ ಹೊರತು ಇನ್‌ಸೋಲ್ ಅಲುಗಲಿಲ್ಲ. ಎಲ್ಲಿಂದಲೋ ತರಿಸಿಕೊಂಡ ಮಾಲು, ನಮ್ಮದಲ್ಲ.

ಪೀಣ್ಯದ ಸಣ್ಣದೊಂದು ಘಟಕದಲ್ಲಿ ಫೋಮಿನ ಹದ ಹಾಕುವುದು ನನ್ನ ಕೆಲಸ. ಪ್ಲಾಸ್ಟಿಕ್ ಕಾಳಿಗೆ ಯಾವ ಪುಡಿ ಎಷ್ಟು ಬೆರೆಸಿದರೆ ಎಷ್ಟು ಉಬ್ಬುತ್ತದೆ, ಎಷ್ಟು ಮೆತ್ತಗಾಗುತ್ತದೆ, ತುಳಿದ ಮೇಲೆ ಎಷ್ಟು ಮೇಲೇಳುತ್ತದೆ ಎಂದು ನೋಡುವುದು. ಶೂ, ಚಪ್ಪಲಿಗಳ ಒಳಗೆ ಅಂಗಾಲಿಗೆ ತಾಗುವ ಮೆತ್ತೆ ನಮ್ಮ ಸರಕು. ಆವರೆಗೆ ನಾವು ಮಾಡುತ್ತಿದ್ದುದು ಬೇರೆಯವರು ಕೊಟ್ಟ ಮಾದರಿಯ ನಕಲು. ನಮ್ಮದೇ ಎಂದು ಹೇಳಿಕೊಳ್ಳುವ ಒಂದು ಫೋಮ್ ಹಾಳೆಯೂ ಇರಲಿಲ್ಲ.

ಜೊತೆಗೆ ಬಂದಿದ್ದ ಎಂಜಿನಿಯರ್ ಗಂಭೀರ ಯುವಕ. ಅವರ ಕಾರ್ಖಾನೆಯಲ್ಲಿ ಆಸ್ಪತ್ರೆಯ ಮಾನಿಟರುಗಳಿಗೆ ಬೇಕಾದ ಸರ್ಕ್ಯೂಟ್ ಬೋರ್ಡುಗಳನ್ನು ಜೋಡಿಸುತ್ತಾರೆ. "ಮೇಡಂ, ಸುಮ್ನೆ ನಡೆದಾಡಿದ್ರೂ ಮೈಯಲ್ಲಿ ಚಾರ್ಜ್ ಸೇರ್ಕೊಳ್ಳತ್ತೆ. ಅದು ಶೂ ಮೂಲಕ ನೆಲಕ್ಕೆ ಇಳಿದುಹೋಗ್ಬೇಕು. ಇಲ್ಲಾಂದ್ರೆ ಬೆರಳ ತುದಿಯಿಂದ ಚಿಪ್‌ಗೆ ಹಾರತ್ತೆ, ಚಿಪ್ ಕೆಡತ್ತೆ. ಅಲ್ಲೇ ಸತ್ರೆ ಪರವಾಗಿಲ್ಲ, ಟೆಸ್ಟಲ್ಲಿ ಗೊತ್ತಾಗತ್ತೆ. ಅರ್ಧ ಜೀವ ಇಟ್ಕೊಂಡು ಆಸ್ಪತ್ರೆಗೆ ಹೋದ್ರೆ ಏನ್ಮಾಡೋದು?" ಎಂದರು. ಅದಕ್ಕೇ ಈ ಇನ್‌ಸೋಲಿನ ತುಂಬ ಇದ್ದಿಲಿನ ಕಪ್ಪು. ಇಂಗಾಲದ ಪುಡಿ ಇದ್ದರೆ ವಿದ್ಯುತ್ತು ಹರಿಯುತ್ತದೆ.

ಲೈನ್ ಲೀಡರ್ ಚೀಲದೊಳಗಿಂದ ಮಡಿಸಿದ ಹಳೇ ಸೀರೆಯ ತುಂಡೊಂದನ್ನು ತೆಗೆದು ಇನ್‌ಸೋಲಿನ ಮೇಲಿಟ್ಟರು. "ನಾವು ಹಿಂಗ ಒಳಗ ಅರಬಿ ಇಟ್ಕೋತೀವ್ರಿ. ಇಟ್ಕೊಂಡ್ರ ಕಾಲಿಗೆ ಸುಖ, ಬೋರ್ಡಿಗೆ ಮರಣ. ತಗದ್ರ ಬೋರ್ಡಿಗೆ ಸುಖ, ನಮಗ ಮರಣ. ಇನ್ನ ಅರಬಿ ಸಿಕ್ಕಿದವ್ರನ್ನ ಲೈನಿಂದ ತಗೀತೀವಿ ಅಂತ ನೋಟೀಸ್ ಹಚ್ಯಾರ. ನಮ್ಮ ಇಬ್ಬರು ಹುಡಿಗ್ಯಾರನ್ನ ಆಗಲೇ ಮನಿಗೆ ಕಳಿಸ್ಯಾರ್ರಿ."

ಎಂಜಿನಿಯರ್ ತಲೆ ತಗ್ಗಿಸಿದರು. ನೋಟೀಸಿಗೆ ಸಹಿ ಅವರದೇ. "ಬೇರೆ ದಾರಿ ಇರ್ಲಿಲ್ಲ ಮೇಡಂ. ಅವರಿಬ್ರೂ ವಾಪಸ್ ಬರ್ಬೇಕು ಅಂತ ನಂಗೂ ಇದೆ. ಅದಕ್ಕೇ ಇವ್ರನ್ನ ಕರ್ಕೊಂಡ್ಬಂದೆ."

"ಮೆತ್ತಗೂ ಇರಬೇಕು, ಕರೆಂಟೂ ಇಳಿಬೇಕು. ಅಷ್ಟ ನೋಡ್ರಿ," ಎಂದು ಲೈನ್ ಲೀಡರ್ ಮಾತು ಮುಗಿಸಿದರು.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಯಾವ ಕೆಲಸ ಬಂದರೂ ಅವರದು ಒಂದೇ ಉತ್ತರ. "ಮಾಡ್ಬಿಡೋಣ ಬಿಡಮ್ಮ, ಅದೇನ್ ಮಹಾ!" ಹೇಳುವವರು ಅವರು, ಮಾಡುವವಳು ನಾನು. ಆದರೆ ಅವತ್ತು ನನಗೂ ಹಾಗೇ ಅನ್ನಿಸಿತು.

ಮರುದಿನದಿಂದ ನಮ್ಮ ಘಟಕಕ್ಕೆ ಕಪ್ಪು ಹಿಡಿಯಿತು. ಇಂಗಾಲದ ಪುಡಿ ಹಿಟ್ಟಿಗಿಂತ ನಯ. ಮೂಟೆ ಬಿಚ್ಚಿದ್ದೇ ತಡ, ಗಾಳಿಯಲ್ಲಿ ತೇಲಿ ಎಲ್ಲೆಂದರಲ್ಲಿ ಕೂರುತ್ತದೆ. ಮುಖಕ್ಕೆ ಮಾಸ್ಕು ಹಾಕಿಕೊಂಡರೂ ಕಣ್ಣಿನ ಸುತ್ತ ಕಾಡಿಗೆ. ಟೀ ತರುತ್ತಿದ್ದ ಅಂಗಡಿಯಾತ ಲೋಟಗಳ ಮೇಲೆ ಮುಚ್ಚಳ ಇಟ್ಟುಕೊಂಡು ಬರತೊಡಗಿದ. ಪಕ್ಕದ ಘಟಕದವರು ಬಿಳಿ ಪ್ಲಾಸ್ಟಿಕ್ ಡಬ್ಬಿ ಮಾಡುತ್ತಾರೆ. ಬೂದು ಬಣ್ಣಕ್ಕೆ ತಿರುಗಿದ ಡಬ್ಬಿಯೊಂದನ್ನು ಹಿಡಿದು ಜಗಳಕ್ಕೇ ಬಂದರು. ನಾವು ಹಿತ್ತಲ ಬಾಗಿಲಿಗೆ ದಪ್ಪ ಪರದೆ ಹಾಕಿ, ಪುಡಿ ಎಳೆದುಕೊಳ್ಳುವ ಫ್ಯಾನು ಕೂಡಿಸಿ ಸಮಾಧಾನ ಮಾಡಿದೆವು.

ಕೆಲಸ ಹೀಗೆ. ಬಿಸಿ ಕಡಾಯಿಯಂಥ ಯಂತ್ರದಲ್ಲಿ ಪ್ಲಾಸ್ಟಿಕ್ ಕಾಳು, ಇಂಗಾಲ, ಉಬ್ಬಿಸುವ ಪುಡಿ, ಬಿಗಿ ಕೊಡುವ ಪುಡಿ ಎಲ್ಲವನ್ನೂ ನಾದಬೇಕು. ನಾದಿದ್ದನ್ನು ಉರುಳೆಗಳ ನಡುವೆ ಲಟ್ಟಿಸಬೇಕು. ಆಮೇಲೆ ಪ್ರೆಸ್ಸಿನ ಅಚ್ಚಿನಲ್ಲಿ ಮುಚ್ಚಿ ಬೇಯಿಸಬೇಕು. ಬೆಂದ ಮೇಲೆ ಪ್ರೆಸ್ಸು ತೆರೆದ ಕ್ಷಣವೇ ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು. ಒಳಗೆ ಅದುಮಿಟ್ಟ ಅನಿಲ ಒಮ್ಮೆಗೇ ಬಿಡುಗಡೆಯಾಗಿ ಹಾಳೆ ಪುಟಿದು ಹೊರಗೆ ಹಾರುತ್ತದೆ. ತಟ್ಟೆಯಗಲ ಇದ್ದದ್ದು ಕಣ್ಣೆದುರೇ ಪರಾತದಗಲ ಆಗುತ್ತದೆ. ಎಷ್ಟು ವರ್ಷ ನೋಡಿದರೂ ಪೂರಿ ಉಬ್ಬುವುದನ್ನು ನೋಡಿದ ಮಗುವಿನ ಹಾಗೆ ಖುಷಿಯಾಗುತ್ತದೆ.

ಆದರೆ ಆ ಉಬ್ಬುವಿಕೆಯೇ ನಮ್ಮ ಶತ್ರುವಾಯಿತು. ಇಂಗಾಲದ ಕಣಗಳು ಒಂದರ ಕೈ ಒಂದು ಹಿಡಿದು ಸಾಲಾಗಿ ನಿಂತರೆ ಮಾತ್ರ ವಿದ್ಯುತ್ತು ಹರಿಯುತ್ತದೆ. ಫೋಮ್ ಉಬ್ಬಿದಾಗ ಕೈ ಬಿಟ್ಟುಹೋಗುತ್ತದೆ. ಮೆತ್ತಗಿನ ಹಾಳೆಗೆ ಮೀಟರ್ ಇಟ್ಟರೆ ಏನೂ ಹರಿಯದು. ಇಂಗಾಲ ಹೆಚ್ಚಿಸಿದರೆ ಮೀಟರಿಗೆ ಖುಷಿ, ಹಾಳೆ ಮತ್ತೆ ಹಲಗೆ. ಎರಡರ ನಡುವಿನ ಹದಕ್ಕಾಗಿ ವಾರಗಟ್ಟಲೆ ಒದ್ದಾಡಿದೆವು.

ಪ್ರೆಸ್ ನಡೆಸುತ್ತಿದ್ದವರು ಆನೇಕಲ್ ಕಡೆಯ ಹಳ್ಳಿಯವರು, ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದರು. ಹೊಸ ಹಾಳೆ ಹಾರಿ ಬಂದಾಗಲೆಲ್ಲ ನನಗಿಂತ ಮೊದಲು ಅವರೇ ಅದನ್ನು ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಕೆನ್ನೆ ಕಪ್ಪಾಗುತ್ತಿತ್ತು. "ಇನ್ನೂ ಒಸಿ ಮೆತ್ತಗಾಗ್ಬೇಕು ಮೇಡಂ" ಅಥವಾ "ಇದು ಅಂಗೇ ಇದೆ, ಕಲ್ಲು" ಎಂದು ತೀರ್ಪು.

ಕೊನೆಗೊಂದು ಮಧ್ಯಾಹ್ನ ಕೆನ್ನೆಯೂ ಮೀಟರೂ ಒಟ್ಟಿಗೆ ಒಪ್ಪಿದವು. ತುಂಬ ಮೆತ್ತಗಲ್ಲ, ಆದರೆ ಹಲಗೆಯಲ್ಲ. ಯಜಮಾನರು ಎಲ್ಲರಿಗೂ ಮೈಸೂರು ಪಾಕ್ ತರಿಸಿದರು. ಹಿಮ್ಮಡಿಗೆ ಹೆಚ್ಚು ದಪ್ಪ, ಮುಂದಕ್ಕೆ ತೆಳು ಮಾಡಿ ಇನ್‌ಸೋಲ್ ಕತ್ತರಿಸಿ ಕಳಿಸಿದೆವು. ನಿಂತವರ ಭಾರವೆಲ್ಲ ಹಿಮ್ಮಡಿಯ ಮೇಲೆ ಎಂದೇ ನನ್ನ ಲೆಕ್ಕ.

ಕೆಲವೇ ವಾರಗಳಲ್ಲಿ ಎಂಜಿನಿಯರ್ ಫೋನ್ ಮಾಡಿದರು. ನೋಟೀಸಿನ ಜೊತೆಗೇ ಕಾರ್ಖಾನೆಯ ಬಾಗಿಲಲ್ಲಿ ಒಂದು ತಗಡಿನ ತಟ್ಟೆ ಕೂರಿಸಿದ್ದಾರೆ, ಒಳಗೆ ಹೋಗುವವರು ಶೂ ಹಾಕಿಕೊಂಡು ಅದರ ಮೇಲೆ ನಿಲ್ಲಬೇಕು. ಚಾರ್ಜು ಇಳಿಯುತ್ತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. "ಒಬ್ಬೊಬ್ರಿಗೇ ಕೆಂಪು ಬರ್ತಿದೆ ಮೇಡಂ. ಇವತ್ತು ಅರ್ಧ ಲೈನ್ ಹೊರಗೇ ನಿಂತಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು.

ವಾಪಸ್ ಬಂದ ಇನ್‌ಸೋಲುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ನನ್ನ ಹೆಮ್ಮೆಯ ಹಿಮ್ಮಡಿ ಹೊಸದರಂತೆ ಉಬ್ಬಿಕೊಂಡಿತ್ತು. ಮುಂದೆ, ಹೆಬ್ಬೆರಳ ಬುಡದ ಜಾಗ ಮಾತ್ರ ಪೇಪರ್ ದೋಸೆಯಷ್ಟು ತೆಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಳ್ಳೆಗಳ ಗೋಡೆ ಒಡೆದು, ಇಂಗಾಲದ ಸಾಲು ಅಲ್ಲೇ ತುಂಡಾಗಿತ್ತು. ಸುಮ್ಮನೆ ನಿಂತವರು ಮುಂಗಾಲಲ್ಲಿ ಇಷ್ಟು ಏಕೆ ತುಳಿದರು? ನನಗೆ ಹೊಳೆಯಲಿಲ್ಲ. ಎಂಜಿನಿಯರಿಗೆ ಫೋನ್ ಮಾಡಿ, "ನನ್ನನ್ನ ಒಂದು ಪಾಳಿ ಲೈನಲ್ಲಿ ನಿಲ್ಲಿಸ್ತೀರಾ?" ಎಂದು ಕೇಳಿದೆ.

ಜಾಲಹಳ್ಳಿಯ ನನ್ನ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದೆಂದರೆ ಊರಿನ ಈ ತುದಿಯಿಂದ ಆ ತುದಿ. ಮೆಟ್ರೊ ಬದಲಿಸಿ ತಲುಪಿದಾಗ ಲೈನ್ ಲೀಡರ್ ಗೇಟಿನಲ್ಲೇ ನಿಂತಿದ್ದರು. ನೀಲಿ ಕೋಟು, ಟೋಪಿ, ಹಲಗೆ ಇನ್‌ಸೋಲಿನ ಶೂ ಕೊಟ್ಟು ಸಾಲಿನಲ್ಲಿ ನಿಲ್ಲಿಸಿದರು. ಬೋರ್ಡಿನ ಮೂಲೆಗೆ ಕನೆಕ್ಟರ್ ಒಂದನ್ನು ಕೂರಿಸಿ ಒತ್ತಿ ಮುಂದಕ್ಕೆ ತಳ್ಳುವುದು ನನಗೆ ವಹಿಸಿದ ಕೆಲಸ. ಟೆಸ್ಟಿನಲ್ಲಿ ಪಾಸಾಗದೆ, ಹೊಸಬರ ಕಲಿಕೆಗೆಂದು ಎತ್ತಿಟ್ಟ ಬೋರ್ಡುಗಳು ಅವು. ನನ್ನ ಕೈಗೆ ಒಳ್ಳೆಯ ಬೋರ್ಡು ಕೊಡುವಷ್ಟು ಧೈರ್ಯ ಎಂಜಿನಿಯರಿಗೆ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಉತ್ತರ ನನ್ನ ಕಾಲಿಗೇ ಸಿಕ್ಕಿತು. ಮೇಜು ಎತ್ತರ, ಭೂತಗನ್ನಡಿ ಇನ್ನೂ ಆಚೆಗೆ. ಪ್ರತಿ ಬೋರ್ಡಿಗೂ ಮುಂದಕ್ಕೆ ಬಾಗಿ, ಮುಂಗಾಲ ಮೇಲೆ ಎದ್ದು, ಒತ್ತಬೇಕು. ಮತ್ತೆ ಇಳಿಯಬೇಕು, ಮತ್ತೆ ಏಳಬೇಕು. ಅವರು ನಿಂತು ಕೆಲಸ ಮಾಡುವವರಲ್ಲ, ನಿಂತಲ್ಲೇ ಬೆಟ್ಟ ಹತ್ತುವವರು. ಹಿಮ್ಮಡಿಗೆ ಕೆಲಸವೇ ಇಲ್ಲ.

"ಮೇಡಂ, ನಿಂತ ನಿಂತ ನಿದ್ದಿ ಮಾಡಬ್ಯಾಡ್ರಿ, ನಿಮ್ಮ ಮುಂದ ಬೋರ್ಡ್ ಗುಡ್ಡಿ ಬಿದ್ದಾವು," ಎಂದು ಲೈನ್ ಲೀಡರ್ ಕೂಗಿದರು. ಇಡೀ ಸಾಲು ನಕ್ಕಿತು.

ಟೀ ವಿರಾಮಕ್ಕೆ ಕ್ಯಾಂಟೀನಿಗೆ ಹೋದಾಗ ನನ್ನ ಅಂಗಾಲು ಉರಿಯುತ್ತಿತ್ತು. ಮೇಜಿನ ಕೆಳಗೆ ಎಲ್ಲರೂ ಶೂ ಕಳಚಿ ಕಾಲ್ಬೆರಳು ಬಿಡಿಸಿಕೊಂಡರು. ನೋಟೀಸ್ ಬರುವ ಮೊದಲು ಯಾರ್ಯಾರು ಏನೇನು ಇಟ್ಟುಕೊಳ್ಳುತ್ತಿದ್ದಿರಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಟ್ಟೆ ಒಡೆಯಿತು. ಒಬ್ಬಾಕೆ ಪಾತ್ರೆ ತಿಕ್ಕುವ ಸ್ಪಂಜು. ಇನ್ನೊಬ್ಬಾಕೆ ಗಂಡನ ಬನಿಯನ್. ಮತ್ತೊಬ್ಬಾಕೆ ಹಳೇ ಮೌಸ್‌ಪ್ಯಾಡ್ ಕತ್ತರಿಸಿಕೊಂಡಿದ್ದರಂತೆ.

"ನಿಂದೂ ಹೇಳೇ," ಎಂದು ಪಕ್ಕದವಳು ಒಬ್ಬಾಕೆಯನ್ನು ಮೊಣಕೈಯಿಂದ ತಿವಿದಳು. ಆಕೆ ಮುಖ ಮುಚ್ಚಿಕೊಂಡರು. ಕೊನೆಗೆ ಲೈನ್ ಲೀಡರೇ ಹೇಳಿದರು: "ಈಕಿ ಹಳೇ ಬ್ರಾದಾಗಿನ ಮೆತ್ತಿ ತಗದು ಮುಂಗಾಲಿಗೆ ಇಟ್ಟಿದ್ಲ್ರಿ ಮೇಡಂ. ಎಲ್ಲಾರ್ಗಿಂತ ಸುಖ ಈಕಿದs!"

ಕ್ಯಾಂಟೀನೆಲ್ಲ ತಿರುಗಿ ನೋಡುವಷ್ಟು ನಕ್ಕೆವು. ದೂರದ ಮೇಜಿನಲ್ಲಿದ್ದ ಎಂಜಿನಿಯರ್ ಏನೆಂದು ಕೇಳಲು ಎದ್ದವರು, ಯಾಕೋ ಬೇಡವೆಂದು ಮತ್ತೆ ಕೂತರು. ನಾನು ಕಣ್ಣೊರೆಸಿಕೊಂಡು ಕೇಳಿದೆ: "ಎಷ್ಟು ದಿನ ಬಂತು ಅದು?"

"ನಾಲ್ಕೈದ್ ತಿಂಗ್ಳು ಮೇಡಂ. ನೋಟೀಸ್ ಬಂತಲ್ಲ, ತೆಗೆದ್ಬಿಟ್ಟೆ. ಇನ್ನೂ ಚೆನ್ನಾಗೇ ಇದೆ," ಎಂದರು ಆಕೆ.

ನಗು ಅಲ್ಲಿಗೇ ನಿಂತಿತು, ನನ್ನ ಮಟ್ಟಿಗೆ. ಅದು ಪಾಲಿಯುರೆಥೇನ್ ಫೋಮ್. ನಮ್ಮ ಹಾಳೆಯಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿದ ಕೋಣೆ. ಗೋಡೆ ಒಡೆದರೆ ಕುಸಿಯಿತು. ಅದರಲ್ಲಿ ಹಾಗಲ್ಲ, ಗುಳ್ಳೆಗೆ ಗುಳ್ಳೆ ಬಾಗಿಲು ತೆರೆದುಕೊಂಡಿರುತ್ತದೆ. ತುಳಿದರೆ ಗಾಳಿ ಆಚೆ ಹೋಗುತ್ತದೆ, ಬಿಟ್ಟರೆ ಒಳಗೆ ಬರುತ್ತದೆ. ವರ್ಷಗಟ್ಟಲೆ ಒಗೆದು ಹಿಂಡಿದರೂ ಮತ್ತೆ ಎದ್ದು ಕೂರುವ ಜಾತಿ. ವಿದ್ಯುತ್ತು ಮಾತ್ರ ಚೂರೂ ಹರಿಯದು.

ವಾಪಸ್ ಬರುವಾಗ ಮೆಟ್ರೊದಲ್ಲಿ ಕೂರಲು ಜಾಗ ಸಿಕ್ಕಿತ್ತು. ನಾಗಸಂದ್ರದ ಕಡೆಯ ರೈಲಿಗೆ ಬದಲಿಸುವ ಹೊತ್ತಿಗೆ ನಿರ್ಧಾರ ಗಟ್ಟಿಯಾಗಿತ್ತು. ಇಷ್ಟು ದಿನ ಒಂದೇ ವಸ್ತುವಿನ ತಲೆಗೆ ಎರಡು ಕೆಲಸ ಕಟ್ಟಿದ್ದೆ. ಬಿಡಿಸಿಬಿಡಬೇಕು. ಮೆತ್ತಗಿರುವುದು ಫೋಮಿನ ಕೆಲಸ. ಚಾರ್ಜು ಇಳಿಸುವುದಕ್ಕೆ ಫೋಮಿನ ಮೇಲಿನಿಂದ ತಳದವರೆಗೆ ವಿದ್ಯುತ್ತು ಹರಿಯುವ ದಾರ ಹೊಲಿದರೆ ಸಾಕು.

ಯಜಮಾನರು ಮೊದಲ ಬಾರಿಗೆ "ಮಾಡ್ಬಿಡೋಣ" ಅನ್ನಲಿಲ್ಲ. "ನಮ್ದು ಪ್ರೆಸ್ ಕಾರ್ಖಾನೆ ಕಣಮ್ಮ. ಇಷ್ಟ್ ದಿನ ಮೈಯೆಲ್ಲ ಮಸಿ ಮಾಡ್ಕೊಂಡು ಹದ ಹುಡ್ಕಿದೀವಿ. ಎಲ್ಲಾ ಬಿಟ್ಬಿಡೋದಾ?"

"ಎಲ್ಲಾ ಬಿಡಲ್ಲ ಸಾರ್. ತಳಕ್ಕೆ ತೆಳ್ಳಗೆ ನಮ್ಮ ಕಪ್ಪು ಹಾಳೇನೇ. ಗಟ್ಟಿ ಇದ್ರೂ ನಡೆಯತ್ತೆ, ಕರೆಂಟ್ ಹರಿದ್ರೆ ಸಾಕು. ಮೇಲೆ ಮಾತ್ರ ಆ ಫೋಮು."

"ಆ ಫೋಮ್ ಎಲ್ ಸಿಗತ್ತೆ?"

ಎರಡು ಬೀದಿ ಆಚೆ ಇದ್ದ ಘಟಕದ ಹೆಸರು ಹೇಳಿದೆ. ಗಾರ್ಮೆಂಟ್ಸ್ ಕಂಪನಿಗಳಿಗೆ ಅವರು ಬ್ರಾ ಕಪ್‌ಗಳನ್ನು ಅಚ್ಚು ಹಾಕಿ ಕೊಡುತ್ತಾರೆ. ಯಜಮಾನರು ಕ್ಯಾಲೆಂಡರ್ ಕಡೆ ತಿರುಗಿ, "ನೀನೇ ಹೋಗಿ ಬಾಮ್ಮ," ಎಂದರು.

ಆ ಘಟಕ ನಡೆಸುವಾಕೆ ನನ್ನನ್ನು ಗೋದಾಮಿಗೇ ಕರೆದೊಯ್ದರು. ಮಂಚದಗಲದ ಫೋಮ್ ದಿಮ್ಮಿಗಳು ಸೂರಿನವರೆಗೆ. ನಾನು ಒಂದೊಂದನ್ನೂ ಒತ್ತಿ ಒತ್ತಿ ಬಿಡುತ್ತ ಹೋದೆ. "ಏನ್ ಮಾಡ್ತೀರಿ ಇದ್ರಲ್ಲಿ?" ಎಂದರು. ಕಾಲಿಗೆ ಹಾಕ್ತೀವಿ ಎಂದಾಗ ಬಾಯಿ ಮೇಲೆ ಕೈಯಿಟ್ಟರು. ಕಥೆಯೆಲ್ಲ ಕೇಳಿ ನಕ್ಕು, ಬಿಗಿಯಾದ ಜಾತಿಯ ತುಂಡುಗಳನ್ನು ಚೀಲ ತುಂಬಿಸಿ ಕೊಟ್ಟರು. "ಅವ್ರ ಕಾಲು ಸುಖವಾಗಿದ್ರೆ ನಂಗೊಂದ್ ಫೋನ್ ಮಾಡಿ," ಎಂದರು.

ಉಕ್ಕಿನ ಎಳೆ ಬೆರೆತ ದಾರ ತರಿಸಿದೆವು. ಹೊಲಿಗೆಗೆ ನಮ್ಮ ಪ್ರೆಸ್‌ನವರೇ ಮುಂದೆ ಬಂದರು. ಮೊದಲು ಗಾರ್ಮೆಂಟ್ಸ್‌ನಲ್ಲಿ ಇದ್ದವರು ಎಂದು ಆಗಲೇ ನನಗೆ ಗೊತ್ತಾದದ್ದು. ಅವರು ಹಾಕಿದ ಹೊಲಿಗೆ ಎಷ್ಟು ಅಂದವಾಗಿತ್ತೆಂದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಬಹುದಿತ್ತು. ಒಂದೇ ಸಮನೆ, ಬಿಗಿ, ನೇರ. ಕಾಲಿಟ್ಟರೆ ಅದೇ ತೊಂದರೆ. ದಾರ ಫೋಮನ್ನು ಅದುಮಿ ಹಿಡಿದು ರಜಾಯಿಯಂತೆ ಗುಂಡಿ ಬೀಳಿಸಿತ್ತು. ಮೆತ್ತಗಿದ್ದದ್ದೆಲ್ಲ ಮಾಯ. ಮೇಲಾಗಿ ತುಳಿದು ತುಳಿದು ದಾರವೇ ಕಡಿದುಹೋಗುತ್ತಿತ್ತು.

"ಸಡಿಲ ಹಾಕಿ ಅಣ್ಣ. ಸೊಟ್ಟ ಹಾಕಿ."

"ಸೊಟ್ಟ ಎಂಗೆ ಹಾಕೋದು ಮೇಡಂ? ಅಂಗ್ ಹಾಕಿದ್ರೆ ಮೇಸ್ತ್ರಿ ಬಿಚ್ಸಿ ಬಿಚ್ಸಿ ಕಲಿಸವ್ನೆ ನಂಗೆ. ಕೈ ಬರಾಕಿಲ್ಲ."

ನಿಜಕ್ಕೂ ಅವರ ಕೈಗೆ ಬರಲಿಲ್ಲ. ಯಂತ್ರದ ಬಿಗಿ ತಿರುಪು ಸಡಿಲಿಸಿದರೆ ತಾವೇ ಮತ್ತೆ ಬಿಗಿ ಮಾಡಿಬಿಡುತ್ತಿದ್ದರು, ಗೊತ್ತೇ ಆಗದಂತೆ. ಕೊನೆಗೆ ತಿರುಪಿನ ಮೇಲೆ ಟೇಪು ಅಂಟಿಸಿದೆ. ಹಾವು ಹರಿದ ಹಾಗೆ ಅಲೆಯಲೆಯಾದ ಗೆರೆ ಬರೆದುಕೊಟ್ಟೆ. ಮುಖ ಸಿಂಡರಿಸಿಕೊಂಡು ಅದರ ಮೇಲೆ ಸಡಿಲವಾಗಿ ಹೊಲಿದರು. ತುಳಿದಾಗ ದಾರವೂ ಫೋಮಿನ ಜೊತೆ ಬಾಗಿ, ಬಿಟ್ಟಾಗ ಜೊತೆಗೇ ಎದ್ದಿತು. ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. "ನೋಡಾಕ್ ಅಸಹ್ಯ ಮೇಡಂ. ಆದ್ರೆ ಮಲ್ಗಿ ನಿದ್ದೆ ಮಾಡ್ಬೋದು."

ಪರೀಕ್ಷೆಗೆ ಬಿಲ್ಲೆಗಳನ್ನು ಕತ್ತರಿಸಿ, ಎರಡು ಉಕ್ಕಿನ ಫಲಕಗಳ ನಡುವೆ ಅರ್ಧಕ್ಕೆ ಅದುಮಿ, ಬಿಸಿ ಒಲೆಯಲ್ಲಿಟ್ಟೆ. ಹಳೆಯ ಕಪ್ಪು ಹಾಳೆಯ ಬಿಲ್ಲೆ ಹೊರಗೆ ಬಂದಾಗ ನಾಣ್ಯದಂತೆ ಚಪ್ಪಟೆಯಾಗೇ ಉಳಿಯಿತು. ಹೊಸದು ನನ್ನ ಅಂಗೈಯಲ್ಲಿ ನಿಧಾನಕ್ಕೆ ಉಸಿರೆಳೆದುಕೊಂಡು ಮೊದಲಿನ ಎತ್ತರಕ್ಕೆ ಬಂತು. ಮೀಟರ್ ಇಟ್ಟೆ. ಮುಳ್ಳು ಎಂಜಿನಿಯರ್ ಹೇಳಿದ್ದ ಮಿತಿಯೊಳಗೇ ನಿಂತಿತು. ಯಜಮಾನರು ಹಿಂದಿನಿಂದ ಬಂದು, "ನಾನ್ ಮೊದ್ಲೇ ಹೇಳ್ಲಿಲ್ವಾ?" ಎಂದರು. ಯಾರೂ ತಕರಾರು ಮಾಡಲಿಲ್ಲ.

ಮುಂಗಾಲಿಗೆ ದಪ್ಪ ಬರುವಂತೆ ಕತ್ತರಿಸಿದ ಹೊಸ ಜೊತೆಗಳನ್ನು ಈ ಸಲ ನಾನೇ ಒಯ್ದೆ. ಬೆಳಗಿನ ಪಾಳಿಯವರು ಬಾಗಿಲಲ್ಲಿ ಸೇರಿದ್ದರು. ಮೊದಲು ತಾನೇ ನೋಡುತ್ತೇನೆಂದು ಲೈನ್ ಲೀಡರ್ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಶೂ ಹಾಕಿಕೊಂಡು ಬಂದರು. ಎಂಜಿನಿಯರ್ ಕೈ ಕಟ್ಟಿ ನಿಂತಿದ್ದರು. ಲೈನ್ ಲೀಡರ್ ತಟ್ಟೆಯ ಮೇಲೆ ಹತ್ತಿ ಗುಂಡಿ ಒತ್ತಿದರು.

ಕೆಂಪು.

ಇಳಿದು ಮತ್ತೆ ಹತ್ತಿದರು. ಮತ್ತೆ ಕೆಂಪು. ನಿನ್ನೆ ಸಂಜೆಯವರೆಗೆ ಪ್ರತಿ ಜೊತೆಗೂ ಮೀಟರ್ ಇಟ್ಟು ನೋಡಿದ್ದೆ. ದಾರ ಕಡಿದಿದೆಯೇ? ತಳದ ಹಾಳೆ ಬಿಟ್ಟುಕೊಂಡಿದೆಯೇ? ಮಂಡಿಯೂರಿ, "ಸ್ವಲ್ಪ ಶೂ ಬಿಚ್ಚಿ ಅಕ್ಕ," ಎಂದೆ.

ಅವರು ಶೂ ಕಳಚಿ ಒಳಗೆ ಕೈ ಹಾಕಿದರು. ಅವರ ಮುಖ ನಿಧಾನವಾಗಿ ಬದಲಾಯಿತು. ಎಂಜಿನಿಯರ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಹೊಸ ಇನ್‌ಸೋಲಿನ ಮೇಲಿನಿಂದ ಮಡಿಸಿದ ಸೀರೆಯ ತುಂಡನ್ನು ಎಳೆದರು.

"ಅಯ್ಯ ನಮ್ಮವ್ವ," ಎಂದರು. "ರೂಢಿ ನೋಡ್ರಿ. ಕೈ ತಾನs ಇಟ್ಬಿಟ್ಟೈತಿ."

ಮೊದಲು ನಕ್ಕವರು ಎಂಜಿನಿಯರ್. ಅವರು ನಕ್ಕಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲವಂತೆ. ಆಮೇಲೆ ಎಲ್ಲರೂ. ಲೈನ್ ಲೀಡರ್ ಬಟ್ಟೆಯನ್ನು ಕೋಟಿನ ಜೇಬಿಗೆ ತುರುಕಿ, ಶೂ ಹಾಕಿಕೊಂಡು ತಟ್ಟೆ ಹತ್ತಿದರು. ಹಸಿರು. ಇಳಿಯಲಿಲ್ಲ. ಮುಂಗಾಲ ಮೇಲೆ ಎದ್ದು, ಇಳಿದು, ಎದ್ದು ನೋಡಿದರು. ದೀಪ ಹಸಿರಾಗಿಯೇ ಇತ್ತು. "ಇಳೀರಿ ಅಕ್ಕ, ನಾವೂ ನೋಡ್ಬೇಕು," ಎಂದು ಹಿಂದಿನವರು ತಳ್ಳಿದರು. ಒಬ್ಬೊಬ್ಬರಾಗಿ ಹತ್ತಿ ಇಳಿದರು. ಪ್ರತಿ ಹಸಿರಿಗೂ ಕ್ರಿಕೆಟ್ಟಿನಲ್ಲಿ ಬೌಂಡರಿ ಹೊಡೆದಂತೆ ಕೂಗು. ಕಾವಲಿನವರು ಏನಾಯಿತೆಂದು ಓಡಿ ಬಂದರು.

ಮಳೆಗಾಲ ಕಳೆಯುವವರೆಗೆ ಕಾದೆವು. ಸವೆದ ಇನ್‌ಸೋಲುಗಳನ್ನು ತರಿಸಿ ಅಳೆದೆ. ಮುಂಗಾಲ ಜಾಗ ಕೊಂಚ ತಗ್ಗಿತ್ತು, ಒತ್ತಿ ಬಿಟ್ಟರೆ ಈಗಲೂ ಏಳುತ್ತಿತ್ತು. ಕೆಲವರಲ್ಲಿ ದಾರದ ತುದಿ ಬಿಚ್ಚಿಕೊಂಡಿತ್ತು. ಕೊನೆಯಲ್ಲಿ ಹಿಂದಕ್ಕೊಂದು ಹೊಲಿಗೆ ಹಾಕಿ ಸರಿಮಾಡಿದೆವು. ಕಾರ್ಖಾನೆ ಎಲ್ಲ ಸಾಲುಗಳಿಗೂ ನಮ್ಮ ಇನ್‌ಸೋಲೇ ಬೇಕೆಂದಿತು. ನೋಟೀಸನ್ನು ಎಂಜಿನಿಯರ್ ತಾವೇ ಕಿತ್ತರು. ಮನೆಗೆ ಕಳಿಸಿದ್ದ ಇಬ್ಬರೂ ಕೆಲಸಕ್ಕೆ ಮರಳಿದರು. ಕೇಳಿಕೊಂಡಿದ್ದಂತೆ ಎರಡು ಬೀದಿ ಆಚೆಯ ಫೋಮ್ ಘಟಕದಾಕೆಗೆ ಫೋನ್ ಮಾಡಿ ತಿಳಿಸಿದೆ. ಆ ಕಡೆಯಿಂದ ಕೇಳಿದ ನಗು ಪ್ರೆಸ್ಸಿನ ಸದ್ದನ್ನೂ ಮೀರಿಸಿತು.

ಕೊನೆಯ ಅಳತೆಗೆ ಹೋಗಿದ್ದ ದಿನ ಪಾಳಿ ಬಿಡುವ ಹೊತ್ತಿಗೆ ನಾನೂ ಅವರ ಜೊತೆಯೇ ಗೇಟು ದಾಟಿದೆ. ಕಾರ್ಖಾನೆಯ ಶೂ ಒಳಗೇ ಬಿಟ್ಟು ಎಲ್ಲರೂ ಚಪ್ಪಲಿಯಲ್ಲಿದ್ದರು. ಕಂಪನಿಯ ಬಸ್ಸು ಇನ್ನೂ ಬಂದಿರಲಿಲ್ಲ. ಮೊದಲೆಲ್ಲ ಈ ಹೊತ್ತಿಗೆ ಫುಟ್‌ಪಾತಿನ ಅಂಚಿನಲ್ಲಿ ಸಾಲಾಗಿ ಕುಸಿದು ಕೂರುತ್ತಿದ್ದೆವು, ಬಸ್ಸು ಬಂದರೂ ಏಳಲು ಮನಸ್ಸಾಗುತ್ತಿರಲಿಲ್ಲ ಎಂದು ಒಬ್ಬಾಕೆ ಹೇಳುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬಾಕೆ ಇಟ್ಟಿಗೆ ಚೂರೊಂದನ್ನು ಎತ್ತಿ ಸಿಮೆಂಟಿನ ನೆಲದ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಗೀಚಿಬಿಟ್ಟರು. ಲೈನ್ ಲೀಡರ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಿಲ್ಲೆ ಎಸೆದು, ಒಂಟಿ ಕಾಲಲ್ಲಿ ಕೊನೆಯ ಮನೆಯವರೆಗೆ ಕುಪ್ಪಳಿಸಿ ಹಿಂದಕ್ಕೂ ಬಂದರು. ಒಂದು ಗೆರೆಯೂ ತುಳಿಯಲಿಲ್ಲ.

"ಬರ್ರಿ ಮೇಡಂ, ನಿಮ್ಮ ಪಾಳಿ."

ನಾನು ಎರಡನೇ ಮನೆಯಲ್ಲೇ ಗೆರೆ ತುಳಿದು ಔಟಾದೆ. ಬಸ್ಸು ಬಂದು ಹಾರ್ನ್ ಹೊಡೆಯಿತು. ಆಟ ಮುಗಿಯುವವರೆಗೆ ಯಾರೂ ಹತ್ತಲಿಲ್ಲ.